ಕಂದು ಕಡಲಪಾಚಿಯೂ ನಮ್ಮ ಆರೋಗ್ಯವೂ

ಕಡಲಪಾಚಿಯಿಂದ ತಯಾರಿಸಿದ ಮಾತ್ರೆಗಳೂ ಪುಡಿಗಳೂ ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಔಷಧದಂಗಡಿಗಳಿಗೆ ಬಂದಿವೆ. ಅವುಗಳ ಡಬ್ಬಿಯ ಮೇಲೆ ‘ಆಂಟಿಆಕ್ಸಿಡೆಂಟ್’ ಎಂಬ ಮಾತು ದೊಡ್ಡ ಅಕ್ಷರಗಳಲ್ಲಿ ಇರುತ್ತದೆ. ಮುಪ್ಪು ದೂರವಾಗುವುದೆಂದೂ ಬೊಜ್ಜು ಕರಗುವುದೆಂದೂ ಹೃದಯ ಗಟ್ಟಿಯಾಗುವುದೆಂದೂ ಮಾರುವವರು ಹೇಳುತ್ತಾರೆ. ಬಾಡಿಗೆ, ರೈಲಿನ ಪಾಸು, ಊರಿಗೆ ಕಳಿಸುವ ಹಣ ಇಷ್ಟನ್ನೂ ತೆಗೆದಿಟ್ಟು ಉಳಿದುದರಲ್ಲಿ ತಿಂಗಳು ತಳ್ಳುವ ನಮ್ಮಂಥವರು ಇಂಥ ಡಬ್ಬಿಗೆ ಕೈಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ವಸ್ತು ಯಾವುದು? ಅದರಲ್ಲಿದೆ ಎನ್ನುವ ಗುಣವೇನು? ಆ ಗುಣ ನಮ್ಮ ದೇಹಕ್ಕೆ ನಿಜವಾಗಿಯೂ ಮುಟ್ಟುವುದೇ? ಈ ಪಾಠದಲ್ಲಿ ಇವನ್ನು ಕ್ರಮವಾಗಿ ವಿಚಾರಿಸೋಣ.

೧. ಕಂದು ಪಾಚಿ ಎಂದರೇನು?

ಸಮುದ್ರದಲ್ಲಿ ಬೆಳೆಯುವ ದೊಡ್ಡ ಪಾಚಿಗಳನ್ನು ಬಣ್ಣದ ಮೇಲಿಂದ ಹಸಿರು, ಕೆಂಪು, ಕಂದು ಎಂದು ಮೂರು ಗುಂಪು ಮಾಡಿದ್ದಾರೆ. ಇವಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಕಾಯಿಲ್ಲ. ಬೇರಿನಂತೆ ತೋರುವ ಭಾಗವು ಬಂಡೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಆಹಾರವನ್ನು ಪಾಚಿಯು ಮೈಯೆಲ್ಲದರಿಂದಲೂ ನೀರಿನಿಂದಲೇ ಹೀರಿಕೊಳ್ಳುತ್ತದೆ.

ಹಬ್ಬದ ದಿನ ಹಾಲಿಗೆ ಹಾಕಿ ಗಟ್ಟಿ ಮಾಡುವ ‘ಚೈನಾ ಗ್ರಾಸ್’ ನಮ್ಮಲ್ಲಿ ಅನೇಕರಿಗೆ ಗೊತ್ತು. ಅದು ಕೆಂಪು ಪಾಚಿಯಿಂದ ಬಂದದ್ದು. ತಮಿಳುನಾಡಿನ ಕರಾವಳಿಯಲ್ಲಿ ಗಂಜಿ ಮಾಡುವ ‘ಕಂಜಿಪಾಸಿ’ಯೂ ಕೆಂಪು ಜಾತಿಯದೇ. ನಾವು ಇಲ್ಲಿ ಹೇಳಹೊರಟಿರುವುದು ಕಂದು ಪಾಚಿಯ ವಿಷಯ. ಜಪಾನಿನವರು ‘ಕೊಂಬು’, ‘ವಕಾಮೆ’, ‘ಹಿಜಿಕಿ’ ಎಂದು ಕರೆಯುವ ಪಾಚಿಗಳು ಈ ಗುಂಪಿನವು. ಕೊಂಬುವನ್ನು ಸಾರಿನ ರುಚಿಗಾಗಿ ಕುದಿಸುತ್ತಾರೆ. ೧೯೦೮ರಲ್ಲಿ ಟೋಕಿಯೋದ ಪ್ರಾಧ್ಯಾಪಕ ಇಕೆಡಾ ಅವರು ಆ ರುಚಿಗೆ ಗ್ಲುಟಮೇಟ್ ಎಂಬ ದ್ರವ್ಯವೇ ಕಾರಣವೆಂದು ಕಂಡುಹಿಡಿದರು. ಕೊರಿಯಾದಲ್ಲಿ ಬಾಣಂತಿಯರಿಗೆ ವಕಾಮೆಯ ಸಾರನ್ನು ಕುಡಿಸುವುದು ಹಳೆಯ ಪದ್ಧತಿ.

ಕೊಂಬು, ವಕಾಮೆಗಳು ತಣ್ಣೀರಿನ ಸಮುದ್ರದವು. ನಮ್ಮ ದೇಶದ ಬೆಚ್ಚನೆಯ ಕಡಲಲ್ಲಿ ಅವು ಬೆಳೆಯುವುದಿಲ್ಲ. ನಮ್ಮಲ್ಲಿರುವ ಕಂದು ಪಾಚಿಗಳು ಸರ್ಗಾಸಮ್, ಟರ್ಬಿನೇರಿಯ, ಪಡೀನ ಮೊದಲಾದವು. ರಾಮನಾಥಪುರದ ಮಂಡಪಂ ಬಳಿಯಲ್ಲಿಯೂ ಗುಜರಾತಿನ ಓಖಾ ಕಡೆಯಲ್ಲಿಯೂ ಇವು ಹೇರಳ. ಕಾರವಾರ, ಭಟ್ಕಳದ ಕಡೆಯ ಬಂಡೆಗಳ ಮೇಲೂ ಸರ್ಗಾಸಮ್ಮನ್ನು ನೋಡಬಹುದು. ಮೆಣಸಿನ ಕಾಳಿನಂಥ ಸಣ್ಣ ಗಾಳಿಗುಳ್ಳೆಗಳು ಅದರ ಗುರುತು. ನಮ್ಮ ಜನ ಇದನ್ನು ಊಟಕ್ಕೆ ಬಳಸಿದವರಲ್ಲ. ಇದರಿಂದ ಆಲ್ಜಿನೇಟ್ ಎಂಬ ಅಂಟುದ್ರವ್ಯವನ್ನು ತೆಗೆಯುತ್ತಾರೆ. ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆಯಲು ಕಲಸುವ ಪುಡಿಯಲ್ಲಿ ಇದೇ ಇರುತ್ತದೆ. ಐಸ್‌ಕ್ರೀಮಿನ ಪೊಟ್ಟಣದ ಮೇಲೆ ೪೦೧ ಎಂಬ ಸಂಖ್ಯೆ ಕಂಡರೆ ಅದು ಸೋಡಿಯಂ ಆಲ್ಜಿನೇಟ್ ಎಂದು ತಿಳಿಯಬೇಕು. ಹೀಗೆ ಅರಿಯದೆಯೇ ನಾವೆಲ್ಲರೂ ಕಂದು ಪಾಚಿಯ ಅಂಶವನ್ನು ಒಂದಲ್ಲ ಒಂದು ದಿನ ನುಂಗಿದವರೇ.

೨. ಉತ್ಕರ್ಷಣ ಎಂದರೇನು?

ಬಾಳೆದಿಂಡನ್ನು ಹೆಚ್ಚಿ ಹಾಗೆಯೇ ಬಿಟ್ಟರೆ ಕಪ್ಪಾಗುತ್ತದೆ. ಆದ್ದರಿಂದ ನಮ್ಮ ಮನೆಗಳಲ್ಲಿ ಅದನ್ನು ಮಜ್ಜಿಗೆ ನೀರಿನಲ್ಲಿ ಹಾಕಿಡುತ್ತಾರೆ. ಬಹುದಿನ ಇಟ್ಟ ಕೊಬ್ಬರಿಎಣ್ಣೆಗೆ ಕಮಟು ವಾಸನೆ ಬರುತ್ತದೆ. ಮಳೆಯಲ್ಲಿ ಬಿಟ್ಟ ಕತ್ತಿಗೆ ತುಕ್ಕು ಹಿಡಿಯುತ್ತದೆ. ಈ ಮೂರೂ ಬೇರೆಬೇರೆಯಾಗಿ ಕಂಡರೂ ಒಳಗಿನ ಕಾರಣ ಒಂದೇ. ಗಾಳಿಯ ಆಮ್ಲಜನಕವು ವಸ್ತುವಿನೊಡನೆ ಕೂಡಿ ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಇದಕ್ಕೆ ಉತ್ಕರ್ಷಣ ಎಂದು ಹೆಸರು.

ಉಸಿರಾಡುವ ದೇಹದಲ್ಲಿಯೂ ಇದು ನಡೆಯುತ್ತಲೇ ಇರುತ್ತದೆ. ಅನ್ನವು ಜೀವಕೋಶದಲ್ಲಿ ಉರಿದು ಶಕ್ತಿಯಾಗುವಾಗ, ಒಲೆಯಿಂದ ಕಿಡಿ ಹಾರುವಂತೆ, ಜೊತೆಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಕೆಲವು ಕಣಗಳು ಹುಟ್ಟುತ್ತವೆ. ಇವುಗಳಿಗೆ ಮುಕ್ತ ರ್ಯಾಡಿಕಲ್ ಎನ್ನುತ್ತಾರೆ. ಇವು ಪಕ್ಕದ ಕಣಗಳಿಂದ ಎಲೆಕ್ಟ್ರಾನನ್ನು ಕಸಿದುಕೊಂಡು ಕೊಬ್ಬು, ಪ್ರೋಟೀನು, ವಂಶವಾಹಿಗಳಿಗೆ ಹಾನಿ ಮಾಡಬಲ್ಲವು. ತಾನು ಎಲೆಕ್ಟ್ರಾನನ್ನು ಕೊಟ್ಟು ಈ ಕಿಡಿಯನ್ನು ಆರಿಸುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ಮುಪ್ಪಿಗೆ ಈ ಕಿಡಿಗಳೇ ಕಾರಣವಿರಬಹುದೆಂಬ ವಾದವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ೧೯೫೬ರಲ್ಲಿ ಮುಂದಿಟ್ಟರು. ಇಂದಿನ ಜಾಹೀರಾತುಗಳೆಲ್ಲ ಆ ವಾದದ ಮರಿಮಕ್ಕಳು.

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ದೇಹವೇ ಈ ಕಿಡಿಗಳನ್ನು ಆರಿಸುವ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಎರಡನೆಯದು, ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದು ಇದೇ ಕಿಡಿಗಳಿಂದ. ಒಲೆಯ ಕಿಡಿ ಚಾಪೆಗೆ ತಾಕಬಾರದು ನಿಜ. ಹಾಗೆಂದು ಒಲೆಯನ್ನೇ ಆರಿಸಿದರೆ ಅಡಿಗೆಯಾಗದು.

೩. ಕಂದು ಪಾಚಿಯ ಮೂರು ದ್ರವ್ಯಗಳು

ಬಂಡೆಗೆ ಅಂಟಿದ ಪಾಚಿಯ ಬಾಳು ಸುಲಭವಲ್ಲ. ಇಳಿತದಲ್ಲಿ ಮೈಯೊಣಗಿ ಬಿಸಿಲಿಗೆ ಬೇಯುತ್ತದೆ, ಭರತದಲ್ಲಿ ಮತ್ತೆ ಮುಳುಗುತ್ತದೆ. ಓಡಿ ನೆರಳು ಸೇರಲು ಕಾಲಿಲ್ಲ. ಬಿಸಿಲಿನ ಹಾನಿಯಿಂದಲೂ ತನ್ನನ್ನು ಮೇಯಲು ಬರುವ ಜೀವಿಗಳಿಂದಲೂ ಕಾಪಾಡಿಕೊಳ್ಳಲು ಅದು ಕೆಲವು ರಾಸಾಯನಿಕಗಳನ್ನು ತನ್ನೊಳಗೇ ಸಿದ್ಧಪಡಿಸಿಕೊಂಡಿದೆ.

ಒಂದು, ಫ್ಯೂಕೋಕ್ಸಾಂತಿನ್. ಪಾಚಿಗೆ ಕಂದು ಬಣ್ಣ ಕೊಡುವುದು ಇದೇ. ಗಜ್ಜರಿಯ ಕ್ಯಾರೋಟೀನಿಗೆ ಇದು ದಾಯಾದಿ. ಸಸ್ಯವರ್ಣಗಳ ಸಂಶೋಧನೆಗಾಗಿ ೧೯೧೫ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜರ್ಮನಿಯ ವಿಲ್‌ಸ್ಟೇಟರ್ ಅವರು, ಪೇಜ್ ಎಂಬ ಸಹೋದ್ಯೋಗಿಯೊಡನೆ ೧೯೧೪ರಲ್ಲಿ ಇದನ್ನು ಬೇರ್ಪಡಿಸಿದರು. ಕಂದು ವಕಾಮೆಯನ್ನು ಬಿಸಿನೀರಿಗೆ ಹಾಕಿದೊಡನೆ ಹಸಿರಾಗುವುದು ನೋಡುವವರಿಗೆ ಸೋಜಿಗ. ಈ ವರ್ಣವು ಪ್ರೋಟೀನಿನೊಡನೆ ಕಟ್ಟಿಕೊಂಡಿರುವಾಗ ಒಂದು ಬಣ್ಣ, ಶಾಖದಿಂದ ಕಟ್ಟು ಸಡಿಲವಾದಾಗ ಇನ್ನೊಂದು ಬಣ್ಣ. ಸಿಗಡಿಯನ್ನು ಬೇಯಿಸಿದಾಗ ಕೆಂಪಾಗುವುದಕ್ಕೂ ಕಾರಣ ಇಂಥದೇ.

ಎರಡು, ಫ್ಲೋರೋಟ್ಯಾನಿನ್. ನೆಲ್ಲಿಕಾಯಿ, ಅಡಕೆ, ದಾಳಿಂಬೆ ಸಿಪ್ಪೆ, ಚಹ ಇವುಗಳಲ್ಲಿ ನಾಲಗೆಯನ್ನು ಹಿಡಿಯುವ ಒಗರು ಟ್ಯಾನಿನ್ನುಗಳದು. ಫ್ಲೋರೋಟ್ಯಾನಿನ್ ಕಡಲಿನ ಒಗರು. ಇದು ಕಂದು ಪಾಚಿಯಲ್ಲಲ್ಲದೆ ಬೇರೆ ಪಾಚಿಗಳಲ್ಲಿ ಇಲ್ಲ. ಕೆಲವು ಜಾತಿಗಳಲ್ಲಿ ಒಣ ತೂಕದ ಹತ್ತನೆಯ ಒಂದು ಪಾಲಿನಷ್ಟು ಇರುವುದುಂಟು. ಪ್ರಯೋಗಶಾಲೆಯಲ್ಲಿ ಮುಕ್ತ ರ್ಯಾಡಿಕಲ್ಲುಗಳನ್ನು ಆರಿಸುವುದರಲ್ಲಿ ಇದು ಬಹಳ ಚುರುಕು.

ಮೂರು, ಫ್ಯೂಕಾಯ್ಡನ್. ಪಾಚಿಯನ್ನು ಮುಟ್ಟಿದಾಗ ಕೈಗೆ ಹತ್ತುವ ಲೋಳೆಯಲ್ಲಿ ಇದರ ಪಾಲುಂಟು. ಸ್ವೀಡನ್ನಿನ ಕೈಲಿನ್ ಎಂಬ ವಿಜ್ಞಾನಿ ೧೯೧೩ರಲ್ಲಿ ಇದನ್ನು ವರ್ಣಿಸಿದರು. ಇದು ಗಂಧಕದ ಅಂಶ ಸೇರಿದ ಉದ್ದನೆಯ ಸಕ್ಕರೆಯ ಸರಪಳಿ. ಇದಕ್ಕೂ ಉತ್ಕರ್ಷಣವನ್ನು ತಡೆಯುವ ಗುಣವುಂಟು. ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವೂ ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

೪. ಗಾಜಿನ ನಳಿಗೆಯಿಂದ ಮನುಷ್ಯನ ದೇಹಕ್ಕೆ

ಇಷ್ಟನ್ನು ಓದಿದವರು ‘ಹಾಗಾದರೆ ಮಾತ್ರೆ ನುಂಗಿದರಾಯಿತು’ ಎನ್ನಬಹುದು. ತಡೆಯಬೇಕಾದದ್ದು ಇಲ್ಲಿಯೇ. ಗಾಜಿನ ನಳಿಗೆಯಲ್ಲಿ ತೋರಿದ ಗುಣವು ಮನುಷ್ಯನ ರಕ್ತವನ್ನು ಸೇರಿ ಅಲ್ಲಿಯೂ ಅದೇ ಕೆಲಸ ಮಾಡುತ್ತದೆ ಎನ್ನಲು ನಡುವೆ ಹಲವು ಮೆಟ್ಟಿಲುಗಳಿವೆ.

ಫ್ಯೂಕೋಕ್ಸಾಂತಿನ್ ವಿಷಯವನ್ನೇ ನೋಡೋಣ. ೨೦೦೫ರಲ್ಲಿ ಜಪಾನಿನ ಹೊಕ್ಕಾಯ್ಡೊ ವಿಶ್ವವಿದ್ಯಾನಿಲಯದವರು ಇಲಿಗಳಿಗೆ ಇದನ್ನು ತಿನ್ನಿಸಿದಾಗ ಹೊಟ್ಟೆಯ ಕೊಬ್ಬು ಕಡಿಮೆಯಾಯಿತು. ಬೊಜ್ಜು ಕರಗಿಸುವ ಮಾತ್ರೆಗಳು ಹೇಳಿಕೊಳ್ಳುವುದು ಈ ಫಲವನ್ನೇ. ಆದರೆ ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಬೇಯಿಸಿದ ವಕಾಮೆಯನ್ನು ಒಂದು ವಾರ ತಿಂದ ಮನುಷ್ಯರ ರಕ್ತದಲ್ಲಿ ಇದರ ಅಂಶ ಅತ್ಯಲ್ಪವಾಗಿ ಮಾತ್ರ ಕಂಡಿತು. ೨೦೧೦ರಲ್ಲಿ ೧೫೧ ಮಂದಿ ಸ್ಥೂಲಕಾಯದ ಮಹಿಳೆಯರ ಮೇಲೆ ೧೬ ವಾರಗಳ ಪರೀಕ್ಷೆಯೊಂದು ಪ್ರಕಟವಾಯಿತು. ತೂಕ ಇಳಿಯಿತೆಂದು ಅದು ಹೇಳಿತು. ಆದರೆ ಅಲ್ಲಿ ಕೊಟ್ಟದ್ದು ದಾಳಿಂಬೆ ಬೀಜದ ಎಣ್ಣೆಯನ್ನೂ ಬೆರೆಸಿದ ಮಿಶ್ರಣ. ಅಷ್ಟು ಜನರ ಮೇಲೆ ಅಷ್ಟು ಕಾಲ ನಡೆದ ಒಂದು ಪರೀಕ್ಷೆಯಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನ ಮಾಡಲಾಗದು.

ಪಾಚಿಯನ್ನೇ ಊಟವಾಗಿ ತಿನ್ನುವವರ ಗತಿಯೇನು? ಜಪಾನಿನಲ್ಲಿ ೮೬,೦೦೦ಕ್ಕೂ ಹೆಚ್ಚು ಸ್ತ್ರೀಪುರುಷರನ್ನು ಹಲವು ವರ್ಷ ಗಮನಿಸಿದ ಸಮೀಕ್ಷೆಯೊಂದು ೨೦೧೯ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ಪ್ರತಿದಿನ ಕಡಲಪಾಚಿ ತಿನ್ನುವವರಲ್ಲಿ ಹೃದಯಕ್ಕೆ ರಕ್ತ ಸಾಲದೆ ಬರುವ ಬೇನೆ ಕಡಿಮೆ ಎಂದು ಅದರಲ್ಲಿ ಕಂಡಿತು. ಪಾರ್ಶ್ವವಾಯುವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ಆಶಾದಾಯಕವಾದ ಫಲ. ಆದರೂ ದಿನವೂ ಪಾಚಿ ತಿನ್ನುವವನು ಮೀನು, ಸೊಪ್ಪು, ಸೋಯಾ ಇವನ್ನೂ ಹೆಚ್ಚಾಗಿ ತಿನ್ನುವವನಾಗಿರುತ್ತಾನೆ. ಲೆಕ್ಕದಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಪಾಚಿಯ ಪುಣ್ಯ ಎಷ್ಟು, ಒಟ್ಟು ಊಟದ ಪುಣ್ಯ ಎಷ್ಟು ಎಂದು ಪೂರ್ತಿ ಬಿಡಿಸುವುದು ಕಷ್ಟ. ಇದೇ ಜನರಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಮುಟ್ಟು ನಿಂತ ಮೇಲೆಯೂ ದಿನವೂ ಪಾಚಿ ತಿನ್ನುತ್ತಿದ್ದ ಹೆಂಗಸರಲ್ಲಿ ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರು ಹೆಚ್ಚಾಗಿ ಕಂಡಿತೆಂಬುದನ್ನೂ ಹೇಳಲೇಬೇಕು.

ಮಾತ್ರೆಯ ವಿಷಯದಲ್ಲಿ ಇನ್ನೂ ಕಟುವಾದ ಪಾಠವೊಂದಿದೆ. ಗಜ್ಜರಿಯಂಥ ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರು ಕಡಿಮೆಯೆಂದು ಕಂಡು, ಅದರ ಕ್ಯಾರೋಟೀನನ್ನು ಮಾತ್ರೆ ಮಾಡಿ ಕೊಟ್ಟರೆ ಹೇಗೆಂದು ಫಿನ್‌ಲೆಂಡಿನಲ್ಲಿ ೨೯,೧೩೩ ಮಂದಿ ಧೂಮಪಾನಿಗಳ ಮೇಲೆ ಪರೀಕ್ಷೆ ನಡೆಸಿದರು. ೧೯೯೪ರಲ್ಲಿ ಫಲ ಪ್ರಕಟವಾದಾಗ ಎಲ್ಲರೂ ಬೆರಗಾದರು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡ ೧೮ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ೧೮,೩೧೪ ಮಂದಿಯ ಮೇಲೆ ನಡೆಯುತ್ತಿದ್ದ ಇಂಥದೇ ಪರೀಕ್ಷೆಯನ್ನು ೧೯೯೬ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಬೀಡಿ ಸಿಗರೇಟು ಸೇದುವ ನಮ್ಮ ಗೆಳೆಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಫ್ಯೂಕೋಕ್ಸಾಂತಿನ್ ಕೂಡ ಹೀಗೆಯೇ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ತರಕಾರಿಯಲ್ಲಿ ಹಿತವಾದದ್ದು ಮಾತ್ರೆಯಲ್ಲಿಯೂ ಹಿತವಾಗಿಯೇ ತೀರಬೇಕೆಂಬ ನಿಯಮವಿಲ್ಲ ಎಂಬುದಷ್ಟೇ ಇದರ ತಾತ್ಪರ್ಯ.

ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಂಕಿಗಳಲ್ಲಿ ಸೂಚಿಸುವ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತ್ತು. ನಳಿಗೆಯ ಅಂಕಿಯು ದೇಹದೊಳಗಿನ ಪರಿಣಾಮವನ್ನು ಹೇಳಲಾರದು, ವ್ಯಾಪಾರಿಗಳು ಅದನ್ನು ದುರುಪಯೋಗಪಡಿಸುತ್ತಿದ್ದಾರೆ ಎಂಬ ಕಾರಣದಿಂದ ೨೦೧೨ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಡಬ್ಬಿಯ ಮೇಲೆ ಅಂಥ ಅಂಕಿ ಕಂಡರೆ ಇದನ್ನು ನೆನೆಯಿರಿ.

೫. ಅಯೋಡಿನ್ನಿನ ಲೆಕ್ಕ

ಉತ್ಕರ್ಷಣ ನಿರೋಧಕಗಳ ಮಾತಿನ ಭರದಲ್ಲಿ ಜಾಹೀರಾತು ಮರೆಸಿಬಿಡುವ ಇನ್ನೊಂದು ವಸ್ತು ಅಯೋಡಿನ್. ಫ್ರಾನ್ಸಿನ ಕೂರ್ತ್ವಾ ಎಂಬವರು ೧೮೧೧ರಲ್ಲಿ ಅಯೋಡಿನ್ನನ್ನು ಮೊದಲು ಕಂಡದ್ದೇ ಕಡಲಪಾಚಿಯ ಬೂದಿಯಲ್ಲಿ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಇದು ಬೇಕೇ ಬೇಕು. ಕಡಿಮೆಯಾದರೆ ಗಳಗಂಡ ಬರುತ್ತದೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ೧೯೫೬ರಿಂದ ಡಾ. ರಾಮಲಿಂಗಸ್ವಾಮಿ ಅವರ ತಂಡ ಅಯೋಡಿನ್ ಬೆರೆಸಿದ ಉಪ್ಪನ್ನು ಕೊಟ್ಟು ನೋಡಿತು; ಕೆಲವೇ ವರ್ಷಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ನಾವು ಇಂದು ಅಂಗಡಿಯಿಂದ ತರುವ ಅಯೋಡಿನ್ ಉಪ್ಪು ಆ ಪರೀಕ್ಷೆಯ ಫಲ.

ಈಗ ಲೆಕ್ಕ ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೆಳೆದ ಮನುಷ್ಯನಿಗೆ ದಿನಕ್ಕೆ ೧೫೦ ಮೈಕ್ರೋಗ್ರಾಂ ಸಾಕು. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ೨೫೦. ದಿನವೂ ಮೀರಬಾರದ ಮಿತಿಯನ್ನು ಯೂರೋಪಿನವರು ೬೦೦ ಎಂದೂ ಅಮೆರಿಕದವರು ೧,೧೦೦ ಎಂದೂ ಇಟ್ಟಿದ್ದಾರೆ. ಒಣಗಿಸಿದ ಕೊಂಬು ಒಂದೇ ಗ್ರಾಮಿನಲ್ಲಿ ೨,೦೦೦ ಮೈಕ್ರೋಗ್ರಾಮಿಗೂ ಮಿಕ್ಕಿದ ಅಯೋಡಿನ್ ಇರುವುದುಂಟು. ಎಂದರೆ ಹದಿಮೂರು ದಿನಗಳ ಪಾಲು ಒಂದು ಚಿಟಿಕೆಯಲ್ಲಿ! ವಕಾಮೆಯಲ್ಲಿ ಇದಕ್ಕಿಂತ ಬಹಳ ಕಡಿಮೆ.

ಅತಿಯಾದರೂ ಗ್ರಂಥಿ ಕೆಡುತ್ತದೆ. ಹೊಕ್ಕಾಯ್ಡೊ ಕರಾವಳಿಯಲ್ಲಿ ಕೊಂಬುವನ್ನು ಯಥೇಚ್ಛವಾಗಿ ತಿನ್ನುತ್ತಿದ್ದ ಬೆಸ್ತರ ಹಳ್ಳಿಗಳಲ್ಲಿ ಗಳಗಂಡ ಕಂಡುಬಂದುದನ್ನು ಅಲ್ಲಿನ ವೈದ್ಯರು ೧೯೬೫ರಲ್ಲಿ ವರದಿ ಮಾಡಿದರು. ಕೊರತೆಯಿಂದ ಬರುವ ಗಂಟು ಅತಿಯಿಂದಲೂ ಬಂದಿತ್ತು. ನಾವೋ ಅಯೋಡಿನ್ ಉಪ್ಪನ್ನು ಆಗಲೇ ತಿನ್ನುತ್ತಿರುವವರು. ಅದರ ಮೇಲೆ ಪಾಚಿಯ ಪುಡಿಯನ್ನು ಸುರಿಯುವುದು ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟಂತೆ.

ಹಿಜಿಕಿಯಲ್ಲಿ ಬೇರೊಂದು ತೊಂದರೆ. ಅದರಲ್ಲಿ ವಿಷಕಾರಿಯಾದ ಬಗೆಯ ಪಾಷಾಣ, ಅಂದರೆ ಆರ್ಸೆನಿಕ್, ಹೆಚ್ಚು. ೨೦೦೪ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆಯು ಅದನ್ನು ತಿನ್ನಬೇಡಿರೆಂದು ಜನರಿಗೆ ಸಲಹೆ ಕೊಟ್ಟಿತು.

೬. ಯಾರು ತಿನ್ನಬಹುದು, ಯಾರು ದೂರವಿರಬೇಕು?

ಕಂದು ಪಾಚಿ ಕೆಟ್ಟ ಆಹಾರವಲ್ಲ. ಅದರಲ್ಲಿ ನಾರಿನಂಶವುಂಟು, ಖನಿಜಗಳುಂಟು. ಆರೋಗ್ಯವಂತನು ಆಗೊಮ್ಮೆ ಈಗೊಮ್ಮೆ ಒಂದು ಬಟ್ಟಲು ವಕಾಮೆ ಸಾರು ಕುಡಿದರೆ ಹೆದರಬೇಕಾದದ್ದಿಲ್ಲ. ಒಣಗಿದ ವಕಾಮೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಬೇಕು. ಹಲವು ಪಟ್ಟು ಉಬ್ಬುವುದರಿಂದ ಒಂದು ಚಿಟಿಕೆ ಸಾಕು. ಕೊಂಬುವನ್ನು ಕುದಿಸಿದರೆ ಅಯೋಡಿನ್ನಿನ ಬಹುಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಮಾತ್ರ ಭಾರ ಇಳಿಯಿತು.

ಈ ಕೆಳಗಿನವರು ವೈದ್ಯರನ್ನು ಕೇಳದೆ ಪಾಚಿಯ ಮಾತ್ರೆ ಪುಡಿಗಳನ್ನು ಮುಟ್ಟಬಾರದು: ಥೈರಾಯ್ಡ್ ತೊಂದರೆಯಿದ್ದು ಔಷಧ ತೆಗೆದುಕೊಳ್ಳುತ್ತಿರುವವರು, ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿರುವವರು, ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು. ತಾಯಿ ಅತಿಯಾಗಿ ಪಾಚಿಸಾರು ಕುಡಿದುದರಿಂದ ಕೂಸಿನ ಥೈರಾಯ್ಡ್ ಕುಂದಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ಮುಂಬಯಿ, ಚೆನ್ನೈಯಂಥ ನಗರದ ದಂಡೆಯಲ್ಲಿ ಬಂದುಬಿದ್ದ ಪಾಚಿಯನ್ನು ‘ಬಿಟ್ಟಿ ಔಷಧ’ವೆಂದು ಆರಿಸಿ ತರುವುದು ಸಲ್ಲದು. ಊರಿನ ಚರಂಡಿ ನೀರೂ ಕಾರ್ಖಾನೆಗಳ ಕೊಳೆಯೂ ಸೇರುವ ನೀರಿನಲ್ಲಿ ಬೆಳೆದ ಪಾಚಿ ಸೀಸ, ಕ್ಯಾಡ್ಮಿಯಂಗಳನ್ನು ಮೈಗೂಡಿಸಿಕೊಂಡಿರುತ್ತದೆ.

೭. ನಮ್ಮ ಕೈಗೆಟುಕುವುದು

ಒಗರು, ಹುಳಿ, ಬಣ್ಣ ಇವೇ ಉತ್ಕರ್ಷಣ ನಿರೋಧಕಗಳ ಮನೆಮಾತಿನ ಗುರುತುಗಳಾದರೆ ಅವಕ್ಕೆ ಜಪಾನಿನ ಕಡಲನ್ನೇ ನೋಡಬೇಕಾಗಿಲ್ಲ. ರಾಗಿಯ ಕಂದು ಸಿಪ್ಪೆಯಲ್ಲಿ ಪಾಲಿಫಿನಾಲುಗಳಿವೆ. ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಹಣ್ಣುಗಳಲ್ಲಿ ಸಿ ಜೀವಸತ್ವವಿದೆ. ನುಗ್ಗೆಸೊಪ್ಪು, ಹರಿವೆಸೊಪ್ಪು, ಗಜ್ಜರಿಗಳಲ್ಲಿ ಕ್ಯಾರೋಟೀನು ಇದೆ. ಖೋಲಿಯಲ್ಲಿ ನಾಲ್ಕಾರು ಮಂದಿ ಕೂಡಿ ಅಡಿಗೆ ಮಾಡಿಕೊಳ್ಳುವವರು ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ಎಂದು ನೇಮ ಮಾಡಿಕೊಂಡರೆ ಒಂದು ಡಬ್ಬಿಯ ಬೆಲೆಯಲ್ಲಿ ಎಲ್ಲರಿಗೂ ಎಷ್ಟು ದಿನದ ಸೊಪ್ಪು ಬರುವುದೆಂದು ಮಾರುಕಟ್ಟೆಯಲ್ಲಿ ವಿಚಾರಿಸಿ ನೋಡಲಿ.

ಕಿಡಿಯನ್ನು ಆರಿಸುವುದಕ್ಕಿಂತ ಕಿಡಿ ಹಚ್ಚದಿರುವುದು ಮೇಲು. ಹೊಗೆಸೊಪ್ಪಿನ ಹೊಗೆಯ ಒಂದೊಂದು ದಮ್ಮಿನಲ್ಲಿಯೂ ಮುಕ್ತ ರ್ಯಾಡಿಕಲ್ಲುಗಳು ತುಂಬಿರುತ್ತವೆ. ಮತ್ತೆಮತ್ತೆ ಕಾಯಿಸಿ ಕಪ್ಪಾದ ಎಣ್ಣೆಯೂ ಉತ್ಕರ್ಷಣಗೊಂಡ ಎಣ್ಣೆಯೇ. ಇಂಥ ಎಣ್ಣೆಯನ್ನು ಬಳಸದಂತೆ ೨೦೧೮ರ ಜುಲೈ ೧ರಿಂದ ನಮ್ಮ ದೇಶದಲ್ಲಿ ಹೋಟೆಲುಗಳಿಗೆ ಮಿತಿ ಗೊತ್ತುಪಡಿಸಿದ್ದಾರೆ. ಹೋಟೆಲಿನ ಬಾಣಲೆಯ ಮುಂದೆ ನಿಲ್ಲುವ ನಮ್ಮ ಸೋದರರಿಗೆ ಇದು ತಿಳಿದಿದ್ದರೆ ತಿನ್ನುವ ನೂರಾರು ಜನಕ್ಕೆ ಉಪಕಾರ.

ಮೊದಲಿನ ಮೂರು ಪ್ರಶ್ನೆಗಳಿಗೆ ಉತ್ತರ ಹೀಗೆ ಕೂಡುತ್ತದೆ. ವಸ್ತು ನಿಜವಾದದ್ದು, ಕಡಲಿನ ಆಹಾರ. ಗುಣವೂ ನಿಜವಾದದ್ದು, ನಳಿಗೆಯಲ್ಲಿ ಕಂಡದ್ದು. ಆ ಗುಣ ಮಾತ್ರೆಯ ಮೂಲಕ ನಮ್ಮ ದೇಹಕ್ಕೆ ಮುಟ್ಟಿ ರೋಗವನ್ನು ತಡೆಯುತ್ತದೆ ಎಂಬುದು ಮಾತ್ರ ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾಗದ ಮಾತಿಗೆ ಬೆವರಿನ ಹಣ ಕೊಡುವುದೋ ಬಿಡುವುದೋ ವಾಚಕರೇ ತೀರ್ಮಾನಿಸಲಿ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

೧. ಬಾಳೆದಿಂಡು ಕಪ್ಪಾಗುವುದಕ್ಕೂ ಎಣ್ಣೆ ಕಮಟುವುದಕ್ಕೂ ಇರುವ ಸಂಬಂಧವೇನು?
೨. ಇಲಿಗಳ ಮೇಲಿನ ಪರೀಕ್ಷೆಯ ಫಲವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಬಾರದೇಕೆ?
೩. ಒಂದು ಗ್ರಾಂ ಪುಡಿಯಲ್ಲಿ ೨,೦೦೦ ಮೈಕ್ರೋಗ್ರಾಂ ಅಯೋಡಿನ್ ಇದ್ದರೆ, ದಿನಕ್ಕೆ ಕಾಲು ಗ್ರಾಂ ತಿಂದವನು ತನಗೆ ಬೇಕಾದುದಕ್ಕಿಂತ ಎಷ್ಟು ಪಟ್ಟು ತಿಂದಂತಾಯಿತು?
೪. ನಿಮ್ಮ ಖೋಲಿಯಲ್ಲಿ ಯಾರಾದರೂ ಇಂಥ ಮಾತ್ರೆ ನುಂಗುತ್ತಿದ್ದರೆ ಅದರ ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಓದಿರಿ. ಅಯೋಡಿನ್ ಎಷ್ಟೆಂದು ಬರೆದಿದೆಯೇ?